ಸೂರಿನ ಕೆಳಗಿನ ಕಲ್ಲು

ಬೆಳಿಗ್ಗೆ ಸದಾಶಿವ ಮಾಸ್ತರು ಶಾಲೆಯ ಸೂರಿನ ಕೆಳಗೆ ನೋಡಿದರೆ ಕಲ್ಲೇ ಇಲ್ಲ!

ಮೂವತ್ತೆಂಟು ವರ್ಷದ ಹಿಂದೆ, ಕಿರವತ್ತಿ ಊರಿನಿಂದ ಒಳಗಿರುವ ಇದೇ ಶಾಲೆಯಲ್ಲಿ ಐದನೆಯ ಇಯತ್ತೆಯಲ್ಲಿದ್ದಾಗ ಹಳ್ಳದಿಂದ ಅವರೇ ಹೊತ್ತು ತಂದ ಕಲ್ಲದು. ಪಾಠ ಹೇಳುತ್ತಿದ್ದ ಮಹೇಶ್ವರಿ ಅಕ್ಕೋರು ಅದನ್ನು ಸೂರಿನ ನೀರು ಬೀಳುವಲ್ಲಿ ಇಟ್ಟು, "ನೀರು ಕಲ್ಲನ್ನೂ ಸವಸ್ತೈತಿ. ಗುಳಿ ಬಿದ್ದ ದಿನ ನನಗ ಹೇಳ್ರಿ" ಎಂದಿದ್ದರು. ತಲೆಗೆ ಗೋಣಿಚೀಲ ಹೊದ್ದು, ಮಳೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಕಡ್ಡಿಯಿಂದ ಕಲ್ಲು ಅಳೆಯುವ ಸುಖ ಆಮೇಲೆ ಮಾಸ್ತರಿಗೆ ಸಿಗಲೇ ಇಲ್ಲ. ಹೋದ ತಿಂಗಳು ಇಲ್ಲಿಗೇ ವರ್ಗವಾದ ಖುಷಿಯಲ್ಲಿ, ಪುಣ್ಯಾತ್ಮ, ಕಲ್ಲು ನೋಡದೆಯೇ "ಗುಳಿ ಬಿದ್ದೈತ್ರಿ ಅಕ್ಕೋರ, ಬರ್ರಿ" ಎಂದು ಫೋನು ಮಾಡಿಬಿಟ್ಟಿದ್ದರು. ಎಂಬತ್ತರ ಅಕ್ಕೋರು ಇವತ್ತು ಹನ್ನೊಂದಕ್ಕೆ ಬರುವವರಿದ್ದರು.

"ಅದಕ್ಯಾಕ ಚಿಂತಿ? ಬ್ಯಾರೆ ಕಲ್ಲಿಗೆ ಡ್ರಿಲ್ ಹಾಕೂಣು" ಎಂದು ಜೊತೆಯ ಶಿಕ್ಷಕ ಕಿಶೋರ ಬಡಗಿಯ ಯಂತ್ರ ಎರವಲು ತಂದ. ಮೊದಲ ಕಲ್ಲು ಎರಡಾಯಿತು. ಎರಡನೆಯದು ನಾಲ್ಕಾಯಿತು. ಹನ್ನೊಂದಕ್ಕೆ ಹತ್ತೇ ನಿಮಿಷ.

ಸದ್ದಿಗೆ ಬಿಸಿಯೂಟದ ಸಿದ್ದವ್ವ ಹೊರಬಂದಳು. "ಸೂರಿನ ಕೆಳಗಿನ ಕಲ್ಲೇನ್ರಿ? ಅದು ನನ್ನ ಕಡೆ ಐತಿ. ಎಂಟು ವರ್ಷ ಬೆಳ್ಳುಳ್ಳಿ ಜಜ್ಜೀನಿ. ಎಂಥಾ ಗುಳಿ ಬಿದ್ದೈತಿ ನೋಡ್ರಿ."

ಮಾಸ್ತರು ಅದನ್ನು ಸಾಬೂನು ಹಚ್ಚಿ ಮೂರು ಸಲ ತೊಳೆದು ಸೂರಿನ ಕೆಳಗಿಟ್ಟರು.

ಅಕ್ಕೋರು ಬಂದವರೇ ಗುಳಿಯಲ್ಲಿ ಬೆರಳಾಡಿಸಿದರು. ಕಣ್ಣು ತುಂಬಿತು. "ಇದು ಮಳೀ ಕೆಲಸ, ಬರಕೊಳ್ರಿ" ಎಂದು ಮಾಸ್ತರು ಜಗಲಿಯಲ್ಲಿ ಸಾಲಾಗಿ ಕೂತಿದ್ದ ಮಕ್ಕಳಿಗೆ ಹೇಳಿದರು. ಮಕ್ಕಳು ಬರೆದುಕೊಂಡರು.

ಆಗ ಅಕ್ಕೋರು ಕೈಚೀಲದಿಂದ ಇನ್ನೊಂದು ಕಲ್ಲು ತೆಗೆದರು. ಅದರಲ್ಲೂ ಗುಳಿ, ಗುಳಿಯ ತುಂಬ ಕೆಂಪು ಕಲೆ.

"ಸದಾಶಿವ, ನೀ ತಂದ ಕಲ್ಲು ಇದು. ನೀ ಶಾಲಿ ಬಿಟ್ಟ ವರ್ಷ ನಾನ ಮನಿಗೆ ಒಯ್ದೆ. ನಮ್ಮ ಅತ್ತೀಗೆ ಎಲಿ-ಅಡಿಕಿ ಕುಟ್ಟಾಕ ಭಾಳ ಚೊಲೋ ಇತ್ತು. ಇಲ್ಲಿ ಬ್ಯಾರೆ ಕಲ್ಲು ಇಟ್ಟಿದ್ದೆ. ನಿನ್ನ ಫೋನು ಬಂದಾಗಿಂದ ನಿದ್ದಿಲ್ಲ ನನಗ."

ತಾನೂ ನಿಜ ಹೇಳಿಬಿಡಬೇಕು ಎಂದು ಮಾಸ್ತರು ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಸಾಲಿನ ಹುಡುಗಿ ಕೇಳಿದಳು, "ಅದೂ ಮಳೀ ಗುಳಿನೇನ್ರಿ?"

"ಅಲ್ಲವ್ವ, ಇದು ನನ್ನ ಸುಳ್ಳಿನ ಗುಳಿ" ಎಂದರು ಅಕ್ಕೋರು. "ಮಳೀದು ನಿಮ್ಮ ಸರ್ ತೋರಿಸಿದ್ದು. ಕಲಿಸಿದಾಕಿಗಿಂತ ಕಲಿತಾಂವ ಖರೇ ಮನುಷ್ಯಾ ಆದ, ನನಗಷ್ಟು ಸಾಕು."

ಮಕ್ಕಳು ಚಪ್ಪಾಳೆ ತಟ್ಟಿದರು. ಮಾಸ್ತರು ತಲೆ ತಗ್ಗಿಸಿ ಕುರ್ಚಿಯಲ್ಲಿ ಕೂತು, ಕೆಂಪು ಪೆನ್ನು ತೆಗೆದು, ಒಬ್ಬೊಬ್ಬರ ಪಟ್ಟಿ ಪುಸ್ತಕದಲ್ಲಿದ್ದ 'ಮಳೀ ಕೆಲಸ'ಕ್ಕೂ 'ಸರಿ' ಎಂದು ಗುರುತು ಹಾಕತೊಡಗಿದರು.