ಗಿರಾಕಿಯ ಪ್ಯಾಂಟು

ಗಿರಾಕಿಗಳ ಬಟ್ಟೆಯನ್ನು ಒಂದು ದಿನ ತಾನೇ ತೊಟ್ಟು ಮೆರೆದು, ಮತ್ತೆ ಇಸ್ತ್ರಿ ಹೊಡೆದು ಕೊಡುವುದು ಇಸ್ತ್ರಿಯವನ ಗುಟ್ಟಿನ ಶೋಕಿ. ಹಾಗೆ ತೊಟ್ಟ ಯಾರದೋ ಪ್ಯಾಂಟಿನ ಒಳಜೇಬಿನಲ್ಲಿ ಪೊಲೀಸರಿಗೆ ಗಾಂಜಾ ಪೊಟ್ಟಣ ಸಿಕ್ಕಿತು. ಪ್ಯಾಂಟು ನನ್ನದಲ್ಲ ಎಂದರೆ ಅಂಗಡಿಗೆ ಬೀಗ, ನನ್ನದು ಎಂದರೆ ಜೈಲು. ಪಾಪ, ಬಾಯಿಗೆ ಬೀಗ ಹಾಕಿಕೊಂಡು ಕೋರ್ಟಿಗೆ ಹೋದ.

ಮೆಟ್ಟಿಲ ಬಳಿ ವಕೀಲರು ಕಿವಿಯಲ್ಲಿ ಉಸುರಿದರು. "ಸೇದೋ ಚಟ ಇದೆ, ಬಿಡಿಸಿ ಅಂತ ಜಡ್ಜ್ ಮುಂದೆ ಅತ್ತುಬಿಡಯ್ಯ. ಜೈಲಿಗಲ್ಲ, ಚಿಕಿತ್ಸೆಗೆ ಕಳಿಸ್ತಾರೆ."

"ನಾನು ಬೀಡೀನೂ ಸೇದಲ್ವಲ್ಲ ಸಾರ್!"

"ಅದನ್ನ ಮಾತ್ರ ಯಾರ ಹತ್ರಾನೂ ಹೇಳ್ಬೇಡ."

ಅತ್ತ. ನ್ಯಾಯಾಧೀಶರು ಕರಗಿದರು. ಚಿಕಿತ್ಸಾ ಕೇಂದ್ರದ ಡಾಕ್ಟರು ಚಟ ಇದೆ ಎಂದರೆ ಕೇಸು ಬದಿಗೆ, ಇಲ್ಲ ಎಂದರೆ ಇವತ್ತೇ ಕೋರ್ಟಿಗೆ ವಾಪಸ್ಸು ಎಂದು ಪೊಲೀಸಿನವನ ಜೊತೆ ಕಳಿಸಿಕೊಟ್ಟರು.

"ಸೇದದೇ ಇದ್ರೆ ಏನಾಗುತ್ತೆ?" ಡಾಕ್ಟರಮ್ಮ ಕೇಳಿದರು.

ಇಸ್ತ್ರಿಯವನು ಕೈ ನಡುಗಿಸಿದ. ಕೈ ಸಾಲದೇನೋ ಎಂದು ಕಾಲನ್ನೂ ನಡುಗಿಸಿದ.

"ಅಣ್ಣಾ, ಅದು ಚಳಿಜ್ವರ," ಎಂದು ಪಕ್ಕದ ಮಂಚದ ರೋಗಿ ಪಿಸುಗುಟ್ಟಿದ.

ಆದರೂ ಡಾಕ್ಟರಮ್ಮನಿಗೆ ಅಯ್ಯೋ ಅನಿಸಿ ಹಾಸಿಗೆ ಹಾಸಲು ಹೇಳಿದರು. ಅಷ್ಟರಲ್ಲಿ ಅವನ ಹೆಂಡತಿ ಇಡೀ ಬೀದಿಯನ್ನೇ ಕಟ್ಟಿಕೊಂಡು ಒಳನುಗ್ಗಿದಳು.

"ನಮ್ಮನೆಯವ್ರು ಕಾಫೀನೂ ಕುಡಿಯಲ್ಲ ಮೇಡಂ!"

"ಹೊಗೆ ಕಂಡ್ರೆ ಮೂಗು ಮುಚ್ಕೋತಾನೆ. ಅಪ್ಪಟ ಚಿನ್ನ," ಎಂದರು ಮನೆ ಮಾಲೀಕರು. ಬೀದಿಯವರೆಲ್ಲ ಹೌದು ಹೌದು ಎಂದರು. ಸುಮ್ಮನಿರಿ ಎಂದು ಅವನು ಕಣ್ಸನ್ನೆ ಮಾಡಿದ್ದೇ ಮಾಡಿದ್ದು.

"ನೋಡಿ, ಕಣ್ಣಲ್ಲಿ ನೀರು ಬಂತು!" ಎಂದು ಹೆಂಡತಿ ತಾನೂ ಅತ್ತಳು.

ಡಾಕ್ಟರಮ್ಮ ಹಾಸಿಗೆ ಸುತ್ತಿಸಿದರು. "ಸೇದೋನಲ್ಲ ಅಂದ್ಮೇಲೆ ಜೇಬಲ್ಲಿ ಇಟ್ಕೊಂಡಿದ್ದು ಮಾರೋಕೇ ಆಯ್ತು. ಮಾರೋರಿಗೆ ಇಲ್ಲಿ ಜಾಗ ಇಲ್ಲಪ್ಪ."

ಇಸ್ತ್ರಿಯವನು ಸುತ್ತಿದ ಹಾಸಿಗೆಯನ್ನು ಹಿಡಿದುಕೊಂಡ. ಅಂಗಡಿ ಹೋದರೆ ಹೋಗಲಿ ಎಂದುಕೊಂಡು ಕಿರುಚಿದ. "ಈ ಪ್ಯಾಂಟೇ ನಂದಲ್ಲ! ಗಿರಾಕೀದು! ಎಲ್ಲಾರ ಬಟ್ಟೇನೂ ಒಂದೊಂದಿನ ಹಾಕ್ಕೋತೀನಿ!"

ಮಾಲೀಕರು ಅವನ ಕಾಲರನ್ನು ಹಿಡಿದು ನೋಡಿದರು. "ಎಲಾ ಇವ್ನ! ಈ ಶರ್ಟು ನಂದು!"

"ಕೇಳಿದ್ರಲ್ಲ ಮೇಡಂ!" ಎಂದು ಇಸ್ತ್ರಿಯವನು ಕುಣಿದಾಡಿದ. ಬೈಸಿಕೊಂಡು ಅಷ್ಟು ಖುಷಿಪಟ್ಟವನನ್ನು ಆ ಕೇಂದ್ರ ಕಂಡಿರಲಿಲ್ಲ.

"ಸರಿ," ಎಂದ ಪೊಲೀಸಿನವನು, ಬೀದಿಯವರ ಕಡೆ ತಿರುಗಿ. "ಹಾಗಾದ್ರೆ ಇವನು ಹಾಕ್ಕೊಂಡಿರೋ ಈ ಪ್ಯಾಂಟು ನಿಮ್ಮಲ್ಲಿ ಯಾರ್ದು?"

ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು.

"ನಮ್ದಲ್ಲಪ್ಪ, ಇವನ್ದೇ," ಎಂದಿತು ಬೀದಿ.

ಮಾಲೀಕರು ಮೆಲ್ಲಗೆ ಕಾಲರು ಬಿಟ್ಟು, ಅದರ ಸುಕ್ಕು ಸವರಿದರು. "ಸರಿಯಾಗಿ ನೋಡಿದ್ರೆ, ಶರ್ಟೂ ಇವನ್ದೇ."

ಜೀವಮಾನದಲ್ಲಿ ಮೊದಲ ಸಲ ಮೈಮೇಲಿನ ಬಟ್ಟೆಯೆಲ್ಲ ಅವನದೇ ಆಯಿತು. ಆ ಬಟ್ಟೆಯಲ್ಲೇ ಅವನನ್ನು ಮತ್ತೆ ಕೋರ್ಟಿನ ಮೆಟ್ಟಿಲು ಹತ್ತಿಸಿದರು.