ಸೋಮವಾರದ ಫೋಟೋ

ಎಲ್ಲ ತೊಂದರೆಗೂ ಕಾರಣ ಒಂದು ಫೋಟೋ. ಫ್ಲಾರೆನ್ಸಿನ ಉಫೀಝಿ ಮ್ಯೂಸಿಯಂ ಎದುರು ಶ್ಯಾಮಸುಂದರ ಸೊಂಟಕ್ಕೆ ಕೈಯಿಟ್ಟು ನಿಂತಿದ್ದ. ಕೆಳಗೆ ಮೂಲೆಯಲ್ಲಿ ಕ್ಯಾಮೆರಾ ತಾನಾಗಿಯೇ ತಾರೀಕು ಒತ್ತಿತ್ತು: ೩-೪-೨೦೦೬.

ಒಮಾನಿನ ರುಸೈಲ್‌ನಲ್ಲಿ ಅವನು ದುಡಿಯುತ್ತಿದ್ದ ಕಾರ್ಖಾನೆ ಅವನನ್ನು ಹೊಸ ಮೆಷಿನ್ನಿನ ತರಬೇತಿಗೆಂದು ಇಟಲಿಗೆ ಕಳಿಸಿತ್ತು. ಕೊನೆಯಲ್ಲಿ ಎರಡು ದಿನ ಬಿಡುವು, ಭಾನುವಾರ ಮತ್ತು ಸೋಮವಾರ. ಹನ್ನೊಂದು ವರ್ಷ ಅಲ್ಲೇ ಇದ್ದವನು ಯೋಚಿಸಿದ: ನಮ್ಮಲ್ಲಿ ಶುಕ್ರವಾರ ಎಲ್ಲ ಬಂದ್, ಹಾಗಾದರೆ ಇಲ್ಲಿ ಭಾನುವಾರ ಬಂದ್. ಭಾನುವಾರ ಹೋಟೆಲಿನಲ್ಲಿ ಬನಿಯನ್ ಒಗೆದು ಒಣಹಾಕಿದ. ಸೋಮವಾರ ಇಸ್ತ್ರಿ ಶರ್ಟು ತೊಟ್ಟು ಹೋದ. ಭಾನುವಾರವಿಡೀ ತೆರೆದಿದ್ದ ಮ್ಯೂಸಿಯಂಗೆ ಸೋಮವಾರವೇ ವಾರದ ರಜೆ. ಹೊರಗೊಂದು ಫೋಟೋ ತೆಗೆಸಿಕೊಂಡು, ಹನ್ನೆರಡು ಪೋಸ್ಟ್‌ಕಾರ್ಡ್ ಕೊಂಡು ಹಿಂತಿರುಗಿದ.

"ಮ್ಯೂಸಿಯಂ ನೋಡಿದ್ರಾ?" ಹೆಂಡತಿ ಪ್ರೇರಣಾ ಏರ್‌ಪೋರ್ಟಿನಲ್ಲೇ ಕೇಳಿದಳು. ಅವಳ ಮುಖ ನೋಡಿ "ಹ್ಞೂಂ" ಅಂದ. ಅವನು ಹೇಳಿದ ಸುಳ್ಳು ಅಷ್ಟೇ. ಉಳಿದದ್ದನ್ನು ವಾದಿ ಅದಾಯ್ ಬಡಾವಣೆಯಲ್ಲಿದ್ದ ಅವರ ಬಿಲ್ಡಿಂಗು ಹೇಳಿತು.

ಶುಕ್ರವಾರ ಬೆಳಿಗ್ಗೆ ಪ್ರೇರಣಾ ದೋಸೆ ಮಗುಚುತ್ತ ಅಂದಳು: "ಸಂಜೆ ಎದುರುಮನೆ ಅಲೋಶಿಯಸ್ ಅಂಕಲ್ ಹಾಲ್‌ನಲ್ಲಿ ಮ್ಯೂಸಿಯಂ ಬಗ್ಗೆ ನಿಮ್ಮ ಭಾಷಣ. ನಿಮ್ಮ ಮ್ಯಾನೇಜರ್ ಸಾಗರ್ ಅವರೂ ಬರ್ತಾರೆ. ಕಾರ್ಮಿನ್ ಆಂಟಿ ಹೋದ ವರ್ಷ ಚರ್ಚಿನವರ ಜೊತೆ ಅದೇ ಮ್ಯೂಸಿಯಂಗೆ ಹೋಗಿದ್ರಂತೆ. ನೀವೇನಾದ್ರೂ ಮರೆತ್ರೆ ನೆನಪು ಮಾಡ್ತಾರೆ."

ದೋಸೆಯ ತುಂಡು ವೀಸಾ ಇಲ್ಲದವನ ಹಾಗೆ ಬಾಯಿಯ ಹೊರಗೇ ನಿಂತಿತು.

"ಆ ಫೋಟೋ ಎಲ್ಲಿ?"

"ದೊಡ್ಡದು ಮಾಡಿಸಿ ಕೆಳಗೆ ಉಮ್ಮರ್ ಅಂಗಡೀಲಿ ಅಂಟಿಸ್ದೆ. ಎಲ್ರೂ ನೋಡ್ಲಿ ಅಂತ."

ಶ್ಯಾಮಸುಂದರ ಲುಂಗಿಯಲ್ಲೇ ಕೆಳಗೋಡಿದ. ಫೋಟೋ ಮಜ್ಜಿಗೆಯ ಫ್ರಿಜ್ಜಿನ ಮೇಲಿತ್ತು.

"ಅದನ್ನು ಕೊಡಿ ಉಮ್ಮರ್ ಭಾಯ್."

"ಕೊಡುದು ಎಂತಕ್ಕೆ ಮಾರಾಯ್ರೆ? ಬೆಳಿಗ್ಗೆಯಿಂದ ನಾಲ್ಕು ಜನ ನೋಡಿದ್ರು. ನಾಲ್ಕು ಜನವೂ ಮಜ್ಜಿಗೆ ತಗೊಂಡ್ರು."

ಉಮ್ಮರ್ ಅತ್ತ ತಿರುಗಿದಾಗ ಶ್ಯಾಮಸುಂದರ ಉಗುರಿನಿಂದ ತಾರೀಕು ಕೆರೆಯತೊಡಗಿದ.

"ಅಯ್ಯೋ, ಎಂತ ಮಾಡ್ತೀರಿ? ನಿಮ್ಮ ಬಲಗಾಲು ಹೋಯ್ತು!"

ಕಾಲು ಹೋಗಿತ್ತು. ತಾರೀಕು ಹಾಗೆಯೇ ಇತ್ತು.

ಸಂಜೆ ಹಾಲ್ ತುಂಬಿತ್ತು. ಶ್ಯಾಮಸುಂದರ ಪೋಸ್ಟ್‌ಕಾರ್ಡುಗಳನ್ನು ಇಸ್ಪೀಟಿನಂತೆ ಹಿಡಿದು ಒಂದೊಂದಾಗಿ ಇಳಿಸಿದ. ಚಿಪ್ಪಿನ ಮೇಲೆ ಬೆತ್ತಲೆ ನಿಂತ ಹೆಂಗಸಿನ ಚಿತ್ರ ಬಂದಾಗ ಉಮ್ಮರ್ ಕಣ್ಣು ತಗ್ಗಿಸಿದರು. "ಅಷ್ಟು ಗಾಳಿ ಉಂಟು. ಅವಳಿಗೊಂದು ಶಾಲು ಕೊಡ್ಲಿಕ್ಕೆ ಯಾರೂ ಇಲ್ವಾ?"

"ಪಕ್ಕದಲ್ಲೇ ಒಬ್ಬಳು ಬಟ್ಟೆ ಹಿಡಿದು ನಿಂತಿದಾಳೆ. ಇವಳೇ ತಗೋತಿಲ್ಲ," ಅಂದ ಶ್ಯಾಮಸುಂದರ.

ಎಲ್ಲರೂ ನಕ್ಕರು. ಸಾಗರ್ ಮಾತ್ರ ಕೇಳಿದರು: "ಚಿತ್ರ ಎಷ್ಟು ದೊಡ್ಡದಿದೆ, ಶ್ಯಾಮ್?"

ಪೋಸ್ಟ್‌ಕಾರ್ಡಿನಲ್ಲಿ ಅದು ಅಂಗೈಯಷ್ಟಿತ್ತು. "ಈ... ಈ ಗೋಡೆಯಷ್ಟು ಸರ್."

"ಹೌದಾ ಕಾರ್ಮಿನ್?" ಅಲೋಶಿಯಸ್ ಹೆಂಡತಿಯತ್ತ ತಿರುಗಿದರು.

ಉಮ್ಮರ್ ಅಂಗಡಿಯಿಂದ ತಂದಿದ್ದ ಆ ಫೋಟೋ ಈಗ ಕಾರ್ಮಿನ್ ಕೈಯಲ್ಲಿತ್ತು. ಅವರು ತಾರೀಕು ನೋಡಿದರು. ಗೋಡೆಯ ಕ್ಯಾಲೆಂಡರ್ ನೋಡಿದರು. ಆಮೇಲೆ ಶ್ಯಾಮಸುಂದರನನ್ನು ನೋಡಿದರು. ಅವನು ಮುಂದಿನ ಪೋಸ್ಟ್‌ಕಾರ್ಡನ್ನು ತಲೆಕೆಳಗಾಗಿ ಎತ್ತಿ ಹಿಡಿದ.

"ಹೌದೌದು, ಗೋಡೆಯಷ್ಟೇ," ಅಂದರು ಕಾರ್ಮಿನ್. "ಶ್ಯಾಮ್, ಸ್ವಲ್ಪ ಒಳಗೆ ಬನ್ನಿ. ಚಹಾದ ತಟ್ಟೆ ಹಿಡೀಲಿಕ್ಕುಂಟು."

ಅಡುಗೆಮನೆಯಲ್ಲಿ ಅವರು ದನಿ ತಗ್ಗಿಸಿದರು. "ನಿಮ್ಮದು ಸೋಮವಾರ."

"ಆಂಟಿ, ಅದು..."

"ನಮ್ಮದೂ ಸೋಮವಾರವೇ. ಇಪ್ಪತ್ತೆರಡು ಜನ ಮೆಟ್ಟಿಲ ಮೇಲೆ ಕೂತು ಐಸ್‌ಕ್ರೀಮ್ ತಿಂದು ಬಂದದ್ದು. ಇಪ್ಪತ್ತೆರಡು ಜನರದ್ದೂ ಒಂದೇ ಮಾತು, ನೋಡಿದ್ದೇವೆ. ಒಳಗೆ ಎಂತ ಉಂಟು ಅಂತ ನನಗೆ ಇವತ್ತು ಗೊತ್ತಾಯ್ತು."

ಶ್ಯಾಮಸುಂದರನಿಗೆ ಎಷ್ಟು ಹಗುರವಾಯಿತೆಂದರೆ, ಕೈಯಲ್ಲಿ ತಟ್ಟೆ ಇರದಿದ್ದರೆ ಎ.ಸಿ. ಗಾಳಿಗೆ ಹಾರಿಹೋಗುತ್ತಿದ್ದ.

ಚಹಾ ಹಂಚುತ್ತಿರುವಾಗ ಸಾಗರ್ ಅಂದರು: "ಶ್ಯಾಮ್, ಮುಂದಿನ ತಿಂಗಳು ಇಟಲಿಯಲ್ಲಿ ಇನ್ನೊಂದು ತರಬೇತಿ ಇದೆ. ಈ ಸಲ ಮೆಷಿನ್ ಕಂಪನಿಯವರೇ ಗೈಡು ಇಟ್ಟು ಇಡೀ ಮ್ಯೂಸಿಯಂ ತೋರಿಸ್ತಾರಂತೆ. ನಿಮ್ಮ ಹೆಸರೇ ಬರೆದಿದ್ದೆ. ಆದ್ರೆ ನೀವು ಮೂಲೆಮೂಲೆ ನೋಡಿಬಂದಿದೀರಿ..."

ಶ್ಯಾಮಸುಂದರ ಬಾಯಿ ತೆರೆದ. ಅಷ್ಟರಲ್ಲಿ ಪ್ರೇರಣಾ ಹೆಮ್ಮೆಯಿಂದ ಅಂದಳು: "ಪಾಪ, ಬೇರೆ ಯಾರಾದ್ರೂ ಹೋಗ್ಲಿ ಸರ್. ಇವರದು ಎಲ್ಲಾ ನೋಡಾಗಿದೆ."

ಅವನು ತೆರೆದ ಬಾಯಿಗೆ ಒಂದು ಲೋಟ ಚಹಾ ಸುರಿದುಕೊಂಡ.

ಹೋಗುವ ಅದೃಷ್ಟ ಅಲ್ಲೇ ಕೂತಿದ್ದ ಅವನ ಸೆಕ್ಷನ್ನಿನ ಚೇತನ್‌ಗೆ ಬಂತು. ಚೇತನ್ ಆಗಲೇ ಡೈರಿ ತೆರೆದು ಪಕ್ಕಕ್ಕೆ ಬಂದ. "ಸರ್, ಒಂದಿನ ಬಿಡುವು ಸಿಕ್ಕಿದ್ರೆ ನಾನೇ ಇನ್ನೊಂದು ಸಲ ಹೋಗ್ತೀನಿ. ಯಾವಾಗ ಹೋದ್ರೆ ಒಳ್ಳೇದು?"

"ಯಾವಾಗ ಬೇಕಾದ್ರೂ ಹೋಗಪ್ಪ," ಅಂದ ಶ್ಯಾಮಸುಂದರ. "ಸೋಮವಾರ ಮಾತ್ರ ಬೇಡ."

"ಯಾಕೆ ಸರ್?"

ಅಡುಗೆಮನೆಯಿಂದಲೇ ಕಾರ್ಮಿನ್ ಕೂಗಿದರು: "ಸೋಮವಾರ ತುಂಬಾ ರಶ್ಶು!"