ಅಡ್ಡಹೆಸರು ನೋಡಿ ಬಿಟ್ಟ ಪ್ರೊಸೆಸರ್

ದ್ರಾಕ್ಷಿಗೆ ಯಾವ ದಿನ ಯಾವ ಔಷಧ ಹೊಡೆದೆವು ಎಂಬ ದಾಖಲೆಯನ್ನೆಲ್ಲ ನನ್ನ ಹೆಂಡತಿ ಶೋಭಾ ಹಳೆಯ ಕಂಪ್ಯೂಟರಿನಲ್ಲಿ ಇಟ್ಟಿದ್ದಾಳೆ. ಅದನ್ನು ನೋಡದೆ ರಫ್ತಿನವರು ಒಂದು ಗೊನೆಯನ್ನೂ ಮುಟ್ಟುವುದಿಲ್ಲ. ಅವರ ಸಾಹೇಬರು ಸಂಜೆ ನಾಲ್ಕಕ್ಕೆ ನಮ್ಮೂರು ಕಾಗವಾಡಕ್ಕೆ ಬರುವವರಿದ್ದರು. ಅಂದೇ ಬೆಳಿಗ್ಗೆ ಕಂಪ್ಯೂಟರ್ ಏಳಲಿಲ್ಲ!

“ಚಿಂತಿ ಬ್ಯಾಡ. ಲಿನಕ್ಸ್ ಅಂತ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್ ಐತಿ, ಅದನ್ನ ಪೆನ್‌ಡ್ರೈವಿನಾಗ ಹಾಕಿ ಎಬ್ಬಸ್ತೀನಿ. ಫೈಲ್ ಒಳಗ ಹಂಗ ಇರ್ತಾವ. ನಾ ಎಮ್ಮೆಸ್ಸಿ ಕಲತಾಂವ!” ಎಂದು ಶೋಭಾಗೆ ಹೇಳಿದೆ.

“ಕಲತು ಇಪ್ಪತ್ ವರ್ಸ ಆತ್ರಿ.”

ಪಕ್ಕದ ಮನೆಯ ಲ್ಯಾಪ್‌ಟಾಪ್ ತಂದು ಲಿನಕ್ಸಿನ ಪುಟ ತೆರೆದೆ. ನಿಮ್ಮ ಪ್ರೊಸೆಸರ್ ಯಾವ ಬಗೆಯದು, ಆರಿಸಿಕೊಳ್ಳಿ ಎಂದಿತು. ಎಎಂಡಿ64, ಎಆರ್‌ಎಂ64, ಎಸ್390ಎಕ್ಸ್... ಫೋನಿನಷ್ಟು ಚಿಕ್ಕದಕ್ಕೂ, ಕೋಣೆ ತುಂಬುವ ಯಂತ್ರಕ್ಕೂ ಬೇರೆ ಬೇರೆ ಅಡುಗೆ! ಎಲ್ಲಿಯವರೋ, ಪುಕ್ಕಟೆ ಬಡಿಸಿದ್ದರು. ಕೈ ಮುಗಿಯಬೇಕೆನಿಸಿತು.

ನಮ್ಮ ಡಬ್ಬಿಯ ಮೇಲೆ ‘ಇಂಟೆಲ್’ ಚೀಟಿ ಇತ್ತು. ಎಎಂಡಿ ಅದರ ಎದುರಾಳಿ ಕಂಪನಿ ಎಂದು ಕಾಲೇಜಿನಲ್ಲಿ ಓದಿದ ನೆನಪು. ಅಥವಾ ಕ್ಯಾಂಟೀನಿನಲ್ಲಿ ಕೇಳಿದ್ದೋ? ಏನೇ ಇರಲಿ, ಎಎಂಡಿಯನ್ನು ಮೊದಲೇ ಹೊಡೆದುಹಾಕಿದೆ.

ಎಆರ್‌ಎಂ ಹಾಕಿದೆ. ಪರದೆ ಕಪ್ಪು. ಅದು ಫೋನಿನ ಕುಲದ್ದಂತೆ! ದೊಡ್ಡ ಅಂಕಿಗೆ ದೊಡ್ಡ ಶಕ್ತಿ ಎಂದು ಎಸ್390ಎಕ್ಸ್ ಇಳಿಸಿದೆ. ಇನ್ನೂ ಕಪ್ಪು. ಅದು ಬ್ಯಾಂಕುಗಳ ಮಹಾಯಂತ್ರಕ್ಕಂತೆ! ಗಂಟೆ ಮೂರಾಗಿತ್ತು.

“ಕೆಳಗ ಬರದದ್ದು ಓದೀರೇನ್ರಿ?”

“ಅದು ಹೊಸಬರಿಗೆ ಬರದದ್ದು.”

ಶೋಭಾ ಕನ್ನಡಕ ಹಾಕಿಕೊಂಡು ಓದಿದಳು. “ಎಎಂಡಿ ಅರವತ್ನಾಕು ಇಂಟೆಲ್‌ಗೂ ನಡೀತೈತಿ ಅಂತ ಬರದಾರಲ್ರಿ! ಮೊದಲ ಮಾಡಿದಾವ್ರ ಹೆಸರು ಉಳದೈತಿ, ಅಷ್ಟ.”

“ಹೆಸರು ಒಬ್ಬರದು, ಮನಿ ಇನ್ನೊಬ್ಬರದು ಹೆಂಗ ಆಕ್ಕೈತಿ?”

“ನಿಮ್ಮ ಅಡ್ಡಹೆಸರು ಏನ್ರಿ?”

“ಬೋರಗಾಂವಕರ.”

“ಬೋರಗಾಂವದಾಗ ಒಂದಿನಾರ ಇದ್ದೀರೇನು?”

ನನ್ನ ಅಜ್ಜ ಕೂಡ ಕಾಗವಾಡದಲ್ಲೇ ಹುಟ್ಟಿದ್ದು. ಎಎಂಡಿ64 ಇಳಿಸಿದೆ. ಕಂಪ್ಯೂಟರ್ ಎದ್ದಿತು! ಫೈಲುಗಳೆಲ್ಲ ನೆಟ್ಟಗಿದ್ದವು. ಹಳೆಯ ಡಬ್ಬಿಯನ್ನೂ ಮರೆಯದ ಆ ಕಾಣದ ಪುಣ್ಯಾತ್ಮರಿಗೆ ಈ ಸಲ ನಿಜವಾಗಿಯೂ ಕೈ ಮುಗಿದೆ.

ಸಾಹೇಬರು ದಾಖಲೆ ನೋಡಿ ದ್ರಾಕ್ಷಿ ಒಪ್ಪಿಕೊಂಡರು. ಪರದೆ ನೋಡಿ, “ಲಿನಕ್ಸ್ ಏನ್ರಿ? ಭಾರೀ! ಯಾರ್ ಹಾಕಿದ್ರು?” ಎಂದರು.

ನಾನು ಎದೆ ಉಬ್ಬಿಸಿ ಬಾಯಿ ತೆರೆಯುವಷ್ಟರಲ್ಲಿ ಶೋಭಾ ಹೇಳಿಬಿಟ್ಟಳು: “ನಾ ಓದಿ ಹೇಳ್ದೆ ರೀ. ಪೆನ್‌ಡ್ರೈವ್ ಚುಚ್ಚಿದಾವ್ರು ಇವರು.”

ಚುಚ್ಚಿದ್ದು ನಿಜ. ಅದನ್ನೂ ಮೊದಲು ಉಲ್ಟಾ ಚುಚ್ಚಿದ್ದೆ!